ಪಂಚಗುಣ ಸಂಸಾರದ ಕಷಾಯ

ಶೂಲಾನ್: ಹೆಸರು ಬದಲಾಯಿಸಿ ಡಾಕ್ಟ್ರೇ. ಮದ್ದು ಅದೇ ಇರ್ಲಿ, ನಂದೇನೂ ತಕರಾರಿಲ್ಲ. ಹೆಸರು ಮಾತ್ರ ಬೇರೆ ಬರೀರಿ.

ಡಾಕ್ಟರ್: ಹೆಸರು ನೋಡಿ ಮದ್ದು ಕೊಡೋದಮ್ಮಾ. ಹೆಸರು ಬದಲಾದ್ರೆ ಮದ್ದೂ ಬದಲಾಗತ್ತೆ.

ಶೂಲಾನ್: ಪಕ್ಕೆ ನೋವು ಅಂತ ಬಂದ್ವಿ. ಪಕ್ಕೆ ನೋವು ಅಂತ ಬರೆದ್ರೆ ನಿಮ್ಮ ಗಂಟೇನು ಹೋಗತ್ತೆ?

ಡಾಕ್ಟರ್: ಪಕ್ಕೆ ನೋವು ಅನ್ನೋದು ಮನೆ ನಂಬರ್ ಇದ್ದ ಹಾಗೆ. ಒಳಗೆ ಯಾರು ಕೂತಿದ್ದಾರೆ ಅಂತ ನೋಡ್ಬೇಕಲ್ಲ.

ಶೂಲಾನ್: ಯಾರು ಕೂತಿದ್ರೂ ನೀವು ಬರೆದಿರೋದು ನನ್ನನ್ನೇ.

ಮಾತು ಶುರುವಾಗಿ ಆಗಲೇ ಹತ್ತು ನಿಮಿಷವಾಗಿತ್ತು. ಪಕ್ಕೆ ನೋವಿನ ಯಜಮಾನ, ಅಂದರೆ ಶೂಲಾನಳ ಗಂಡ ತಾನ್‌ಪಿಂಗ್, ಇಬ್ಬರ ನಡುವೆ ಸ್ಟೂಲಿನ ಮೇಲೆ ಕೂತು ಬಲಗೈಯನ್ನು ನಾಡಿ ನೋಡುವ ಪುಟ್ಟ ದಿಂಬಿನ ಮೇಲೆ ಹಾಗೇ ಮರೆತುಬಿಟ್ಟಿದ್ದ. ಅವನದು ಐವತ್ತಾರು ವರ್ಷ, ಮರಳು ಸಾಗಿಸುವ ದೋಣಿಯಲ್ಲಿ ಇಂಜಿನ್ ನೋಡಿಕೊಂಡು ನಿವೃತ್ತನಾದವನು. ಇಂಜಿನ್ನಿನ ಸದ್ದಿನಲ್ಲಿ ಬದುಕಿದವರಿಗೆ ಮಾತು ಕಡಿಮೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ನಾನು ಈ ಮದ್ದಿನಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ತಕ್ಕಡಿ ಹಿಡಿದವಳು. ಮನೆತನದ ಹೆಸರು ಪಾಂಗ್, ಓಣಿಯವರಿಗೆ ಪಾಂಗಕ್ಕ. ಮೇಜಿನ ಆಚೆ ಡಾಕ್ಟರ್ ಮೋ ನಾಡಿ ಹಿಡಿಯುತ್ತಾರೆ. ಈಚೆ ನಾನು ನೂರೆಂಟು ಡ್ರಾಯರಿನ ಬೀರುವಿನ ಮುಂದೆ ನಿಂತು ಅವರು ಗೀಚಿದ ಚೀಟಿಯ ಪ್ರಕಾರ ಬೇರು, ತೊಗಟೆ, ಸಿಪ್ಪೆ ತೂಗಿ ಪೊಟ್ಟಣ ಕಟ್ಟುತ್ತೇನೆ. ಗೀಚಿದ ಎಂದೆ, ಬರೆದ ಎನ್ನಲಿಲ್ಲ. ಅದರ ಮಾತು ಈಗ ಬೇಡ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೇ ಹೇಳಿಲ್ಲ, ನಿಮಗೇನು ಹೇಳುವುದು.

ಆ ದಿನ ಡಾಕ್ಟರು ಬಾಯಲ್ಲಿ ಹೇಳುತ್ತ ಚೀಟಿಗೆ ಹಾಕಿದ್ದು ಇಷ್ಟು: ಯಕೃತ್ತಿನ ಉಸಿರು ಕಟ್ಟಿದೆ. ಇದರ ಅರ್ಥ ನಮ್ಮ ಲೂಝೌ ಊರಿನಲ್ಲಿ ಸೊಪ್ಪು ಮಾರುವವರಿಗೂ ಗೊತ್ತು. ಸಿಟ್ಟನ್ನು ಉಗುಳದೆ ನುಂಗಿದರೆ ಅದು ಹೊಟ್ಟೆಗೆ ಹೋಗುವುದಿಲ್ಲ, ಯಕೃತ್ತಿಗೆ ಹೋಗಿ ಅಲ್ಲಿ ಉಸಿರಿನ ದಾರಿಗೆ ಅಡ್ಡ ಕೂರುತ್ತದೆ. ಆಮೇಲೆ ಪಕ್ಕೆ ಹಿಡಿಯುವುದು, ನಿಟ್ಟುಸಿರು, ಊಟ ಬೇಡ ಅನ್ನುವುದು. ಇದು ಸೊಸೆಯರ ಕಾಯಿಲೆ. ಅತ್ತೆಯ ಎದುರು ಬಾಯಿ ಬಿಡಲಾರದವರಿಗೆ ಬರುವಂಥದ್ದು. ಗಂಡಸಿಗೆ ಬಂತು ಎಂದರೆ ಅವನ ಹೆಂಡತಿ ಎಂಥವಳು ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಈ ಹೆಂಡತಿಯೋ ಸಾಮಾನ್ಯದವಳಲ್ಲ. ಓಣಿ ಸಮಿತಿಯ ಪರವಾಗಿ ಗಂಡ ಹೆಂಡಿರ ಜಗಳ ಬಿಡಿಸುವ ಕೆಲಸ ಅವಳದು. ಯಾರ ಮನೆಯಲ್ಲಿ ತಟ್ಟೆ ಹಾರಿದರೂ ಅದು ನೆಲಕ್ಕೆ ಬೀಳುವಷ್ಟರಲ್ಲಿ ಶೂಲಾನ್ ಬಾಗಿಲಲ್ಲಿರುತ್ತಾಳೆ. ಅವಳ ಸ್ವಂತ ಬಾಗಿಲ ಮೇಲೆ ಹನ್ನೊಂದು ವರ್ಷದಿಂದ ಕೆಂಪು ಬಣ್ಣದ ‘ಪಂಚಗುಣ ಸಂಸಾರ’ ಎಂಬ ತಗಡಿನ ಫಲಕ ಇದೆ, ಓಣಿಯಲ್ಲಿ ಜಗಳವಿಲ್ಲದ ಒಂದು ಮನೆಗೆಂದು ಸಮಿತಿ ಕೊಡುವಂಥದ್ದು. ಪ್ರತಿ ವರ್ಷ ಶರತ್ಕಾಲದಲ್ಲಿ ಸಮಿತಿಯವರು ಬಂದು ನೋಡಿ, ಈ ವರ್ಷವೂ ಇಲ್ಲೇ ಇರಲಿ ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಈ ಸಲ ಅವರು ಬರುವುದು ಶುಕ್ರವಾರ. ಅವತ್ತು ಮಂಗಳವಾರ.

ಶೂಲಾನ್: ತೇವ ಅಂತ ಬರೀರಿ. ಎರಡು ನದಿ ಕೂಡೋ ಊರು. ಗೋಡೆಗೂ ತೇವ, ಹಾಸಿಗೆಗೂ ತೇವ, ಗಂಡನಿಗೂ ತೇವ. ಯಾರೂ ಏನೂ ಅನ್ನಲ್ಲ.

ಡಾಕ್ಟರ್: ತೇವ ಇದ್ರೆ ನಾಲಿಗೆ ಮೇಲೆ ದಪ್ಪ ಬಿಳಿ ಪದರ ಕಟ್ಟಿರ್ಬೇಕು. ಇವರ ನಾಲಿಗೆ ತೊಳೆದಿಟ್ಟ ಹಾಗಿದೆ.

ಶೂಲಾನ್: ಬಳಸಿದ್ರೆ ತಾನೆ ಕೊಳೆಯಾಗೋದು.

ಡಾಕ್ಟರ್: ಅದನ್ನೇ ನಾನೂ ಬರೆದಿರೋದು.

ಶೂಲಾನ್ ಮೀನು ಆರಿಸುವವಳ ಹಾಗೆ ಒಂದೊಂದನ್ನೇ ಎತ್ತಿ ನೋಡತೊಡಗಿದಳು. ತೇವದ ಜೊತೆ ಶಾಖ ಸೇರಿಸಿದರೆ ಹೇಗೆ ಎಂದು ಕೇಳಿದಳು. ಅದು ಹೆಚ್ಚಾಗಿ ಕುಡಿಯುವವರಿಗೆ ಬರುವುದು ಎಂದರು ಡಾಕ್ಟರು. ಹೆಂಡ ಕಾಯಿಸುವ ಊರಿನಲ್ಲಿ ಕುಡುಕನ ಹೆಂಡತಿ ಎನಿಸಿಕೊಳ್ಳುವುದು ಬೇಡ ಎಂದು ಅದನ್ನು ಅವಳೇ ಕೆಳಗಿಟ್ಟಳು. ರಕ್ತ ಹೆಪ್ಪುಗಟ್ಟಿದೆ ಎನ್ನಬಹುದೇ ಎಂದಳು. ಅದು ಪೆಟ್ಟು ಬಿದ್ದವರಿಗೆ ಎಂದು ಗೊತ್ತಾದ ಮೇಲೆ ಕೈ ಒರೆಸಿಕೊಂಡಳು.

ಶೂಲಾನ್: ಮತ್ತೆ ಇನ್ನೇನಿದೆ ನಿಮ್ಮ ಹತ್ರ?

ಡಾಕ್ಟರ್: ಮೂತ್ರಪಿಂಡದ ಬಲ ಕುಂದಿದೆ ಅನ್ನೋದೊಂದಿದೆ. ಅದರಲ್ಲೂ ನೋವು ಬರಬಹುದು, ಆದ್ರೆ ಸೊಂಟದ ಕಡೆ.

ತಾನ್‌ಪಿಂಗ್: ಅದು ಬೇಡ.

ಅಂಗಡಿಯಲ್ಲಿದ್ದ ಮೂವರೂ ಅವನ ಕಡೆ ತಿರುಗಿದೆವು. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. ಗಂಡಸಿನ ಮೂತ್ರಪಿಂಡದ ಬಲ ಕುಂದಿತು ಎಂದರೆ ಟೀ ಅಂಗಡಿಯಲ್ಲಿ ಏನೆಂದು ನಗುತ್ತಾರೆ ಎಂದು ನಾನು ಬಿಡಿಸಿ ಹೇಳುವುದಿಲ್ಲ.

ಶೂಲಾನ್: ನೋಡಿದ್ರಾ, ಬೇಕಾದಾಗ ಮಾತಾಡ್ತಾರೆ. ಅಲ್ವಾ ಬಂಗಾರ?

ತಾನ್‌ಪಿಂಗ್ ನಿಟ್ಟುಸಿರು ಬಿಟ್ಟ. ‘ಬಂಗಾರ’ ಎನ್ನುವಾಗ ಶೂಲಾನಳ ಬಾಯಿ ನಗುತ್ತಿತ್ತು, ಹಲ್ಲು ಮಾತ್ರ ಕಚ್ಚಿಕೊಂಡಿತ್ತು. ಡಾಕ್ಟರು ಮತ್ತೆ ಅವನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ತಂತಿ ಬಿಗಿದ ಹಾಗೆ ಓಡುತ್ತಿದೆ ಎಂದು ತಮಗೇ ಹೇಳಿಕೊಂಡರು. ಒಂದೇ ನೋವಿನ ಐದು ಜನ ಬಂದರೆ ಐದು ಮಡಕೆಯಲ್ಲಿ ಐದು ಕಷಾಯ ಕುದಿಯಬಹುದು, ಐದು ಬೇರೆ ನೋವಿನವರು ಬಂದರೆ ಒಂದೇ ಮಡಕೆ ಸಾಕಾಗಬಹುದು, ಆದ್ದರಿಂದ ಕಾಯಿಲೆಯ ಹೆಸರಿಗಿಂತ ಅದು ಯಾವ ಬಗೆಯದು ಎನ್ನುವುದೇ ತಮ್ಮ ಕೆಲಸ ಎಂದು ತಾಳ್ಮೆಯಿಂದ ವಿವರಿಸಿದರು.

ಡಾಕ್ಟರ್: ಏನು ನುಂಗ್ತಾ ಇದೀರಿ ತಾನ್‌ಪಿಂಗ್?

ತಾನ್‌ಪಿಂಗ್ (ಹೆಂಡತಿಯ ಮುಖ ನೋಡಿ): ಏನಿಲ್ಲ.

ಡಾಕ್ಟರ್: ಎಷ್ಟು ವರ್ಷದಿಂದ ಏನಿಲ್ಲ?

ಡಾಕ್ಟರು ಏಳು ಪೊಟ್ಟಣ ಬರೆದು, ನುಂಗಿದ್ದನ್ನು ಒಂದು ಸಲ ಬಾಯಿಬಿಟ್ಟು ಹೇಳಿದರೆ ಅರ್ಧ ಮದ್ದು ಉಳಿಯುತ್ತದೆ ಎಂದು ಸೇರಿಸಿ, ಮೆಣಸಿನಕಾಯಿ ಕಡಿಮೆ ಮಾಡಿ ಎಂದರು. ಕಡಿಮೆ ಮಾಡಿದರೆ ಆ ಸಿಟ್ಟನ್ನೂ ಸೇರಿಸಿ ನುಂಗುತ್ತಾನಲ್ಲ ಎಂದು ನನಗನಿಸಿತು. ಹೇಳಲಿಲ್ಲ.

ಪೊಟ್ಟಣ ಕಟ್ಟುವಾಗ ಶೂಲಾನ್ ನನ್ನ ಹತ್ತಿರ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಬಾಗಿದಳು.

ಶೂಲಾನ್: ಪಾಂಗಕ್ಕ, ಕುಡಿಯೋದು ಅವರು ಕುಡೀತಾರೆ. ಚರಟದ್ದೇ ನನಗೆ ಯೋಚನೆ.

ಯೋಚನೆಗೆ ಕಾರಣವಿತ್ತು. ಕಷಾಯ ಬಸಿದ ಮೇಲೆ ಉಳಿಯುವ ಚರಟವನ್ನು ನಮ್ಮಲ್ಲಿ ಮನೆಯ ಕಸಕ್ಕೆ ಹಾಕುವುದಿಲ್ಲ. ಓಣಿಯ ಬಾಯಲ್ಲಿ, ನಾಲ್ಕು ಜನ ಓಡಾಡುವಲ್ಲಿ ಸುರಿಯಬೇಕು. ತುಳಿದವರ ಕಾಲಿಗೆ ಅಂಟಿಕೊಂಡು ಕಾಯಿಲೆ ಊರು ಬಿಟ್ಟುಹೋಗುತ್ತದೆ ಎಂದು ನಂಬಿಕೆ. ಕಾಯಿಲೆ ಊರು ಬಿಡುತ್ತದೋ ಇಲ್ಲವೋ, ಸುದ್ದಿಯಂತೂ ಮನೆ ಬಿಡುತ್ತದೆ. ಚರಟ ಓದಲು ಬಾರದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಮೂಲೆಮನೆಯ ಗೌ ಅಜ್ಜಿಯಂತೂ ಬೆಳಗ್ಗೆ ಊರುಗೋಲಿನ ತುದಿಯಿಂದ ಕೆದಕಿ, ಇದು ಇಂಥವರ ಮನೆಯ ಅಜೀರ್ಣ, ಅದು ಇಂಥವರ ಮನೆಯ ಮೂಲವ್ಯಾಧಿ ಎಂದು ಪತ್ರಿಕೆ ಓದಿದ ಹಾಗೆ ಓದುತ್ತಾಳೆ. ತಾನ್‌ಪಿಂಗನ ಪೊಟ್ಟಣದಲ್ಲಿ ಇದ್ದದ್ದು ಚಾಯ್‌ಹೂ ಬೇರು, ಕೊನ್ನಾರಿ ಗಡ್ಡೆ, ಕಿತ್ತಳೆ ಸಿಪ್ಪೆ, ಮೂರೂ ನುಂಗಿದ ಸಿಟ್ಟಿಗೆ ಕೊಡುವಂಥವು. ಅಜ್ಜಿಗೆ ಊರುಗೋಲೂ ಬೇಕಾಗಿರಲಿಲ್ಲ.

ಶೂಲಾನ್: ನೋಡಿದ್ರೆ ಮರ್ಯಾದೆಯಾಗಿ ಕಾಣೋ ಅಂಥದ್ದು ಎರಡು ಚೂರು ಸೇರಿಸಿ ಕೊಡಿ.

ನಾನು: ಮರ್ಯಾದೆಗೆ ನಮ್ಮಲ್ಲಿ ಡ್ರಾಯರಿಲ್ಲ ಶೂಲಾನ್.

ಶೂಲಾನ್: ಹಾಗಾದ್ರೆ ಚರಟ ಮನೆಯಲ್ಲೇ ಇಟ್ಕೊಳ್ಳಾ?

ನಾನು: ಇಟ್ಕೋ. ಕಾಯಿಲೆನೂ ಅಲ್ಲೇ ಇರತ್ತೆ.

ಅವಳಿಗೆ ಅದೂ ಭಯ. ಹೇಗಿದ್ದರೂ ಗಂಡ ಬದುಕಬೇಕು. ಬುಧವಾರ ಬೆಳಗಿನ ಜಾವ ಅವಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಆಮೇಲೆ ಅವಳೇ ಹೇಳಿದ್ದು. ಕಷಾಯ ಬಸಿದು ಗಂಡನಿಗೆ ಕೊಟ್ಟು, ಚರಟದೊಳಗಿನ ಬೇರು, ಗಡ್ಡೆಗಳನ್ನು ಅಕ್ಕಿಯ ಕಲ್ಲು ಆರಿಸಿದ ಹಾಗೆ ಆರಿಸಿ ಒಲೆಗೆ ಹಾಕಿದಳಂತೆ. ಉಳಿದ ಎರಡು ಸಿಪ್ಪೆಯನ್ನು ಸುರಿಯಲು ಹೋದರೆ ಯಾರು ನಂಬುತ್ತಾರೆ. ಅಟ್ಟದ ಮೇಲೆ ಎರಡು ಚಳಿಗಾಲದ ಹಿಂದೆ ಅವಳದೇ ಸೊಂಟ ನೋವಿಗೆ ತಂದು ಉಳಿದ ಪೊಟ್ಟಣವೊಂದಿತ್ತು. ಸೊಂಟ ನೋವು ಗೌರವದ ಕಾಯಿಲೆ, ದುಡಿಯುವವರಿಗೆ ಬರುವುದು. ಅದನ್ನೂ ಕುದಿಸಿ, ನೀರು ಚೆಲ್ಲಿ, ಚರಟಕ್ಕೆ ಬೆರೆಸಿ ಓಣಿಯ ಬಾಯಲ್ಲಿ ಸುರಿದು ಬಂದಳು. ಆಮೇಲೆ ಮತ್ತೆ ಮಲಗಿದರೆ ಅವಳಿಗೆ ಒಳ್ಳೆಯ ನಿದ್ದೆ ಬಂತಂತೆ.

ಗುರುವಾರ ಬೆಳಗ್ಗೆ ನಾನು ಅಂಗಡಿಯ ಹಲಗೆ ತೆಗೆಯುವಷ್ಟರಲ್ಲಿ ಗಂಡ ಹೆಂಡತಿ ಮೆಟ್ಟಿಲ ಮೇಲಿದ್ದರು. ಶೂಲಾನಳ ಕೈಯಲ್ಲಿ ಮೊಟ್ಟೆಯ ಬುಟ್ಟಿ. ತಾನ್‌ಪಿಂಗನ ಕೈಯಲ್ಲಿ ಕೆಂಪು ದಾರ ಕಟ್ಟಿದ ಬೆಲ್ಲದ ಪೊಟ್ಟಣ.

ಶೂಲಾನ್: ಡಾಕ್ಟ್ರೇ, ನಾನು ಬಸುರಿ ಅಲ್ಲ ಅಂತ ಬರ್ಕೊಡಿ.

ಡಾಕ್ಟರ್: ಆಗಿದೀರಿ ಅಂತ ಯಾರಂದ್ರು?

ಶೂಲಾನ್: ಇಪ್ಪತ್ತೊಂಬತ್ತು ಮನೆ.

ಮೊಟ್ಟೆ, ಬೆಲ್ಲ ಎರಡೂ ಬಸುರಿಗೆಂದು ಓಣಿಯವರು ತಂದುಕೊಟ್ಟದ್ದಂತೆ. ಬುಟ್ಟಿ ಕೆಳಗಿಟ್ಟು ಕೂತು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ನಾನು ತಕ್ಕಡಿ ಕೆಳಗಿಟ್ಟೆ. ಆ ಸೊಂಟ ನೋವಿನ ಪೊಟ್ಟಣ ಕಟ್ಟಿದವಳು ನಾನೇ. ಅದರಲ್ಲಿದ್ದದ್ದು ಮುರಿದರೆ ಬೆಳ್ಳಿ ಎಳೆ ಬಿಡುವ ತೊಗಟೆ, ಹಿಪ್ಪುನೇರಳೆ ಮರದ ಬಂದಳಿಕೆ, ಬೇರಿಲ್ಲದ ಬಳ್ಳಿಯ ಬೀಜ. ಈ ಮೂರೂ ಸೊಂಟಕ್ಕೆ ಒಳ್ಳೆಯದು. ಗರ್ಭ ನಿಲ್ಲದವರಿಗೆ ನಿಲ್ಲಿಸಲು ಕೊಡುವುದೂ ಇವನ್ನೇ. ಎರಡರಲ್ಲಿ ಯಾವುದಕ್ಕೆ ಎಂದು ಚರಟ ಹೇಳುವುದಿಲ್ಲ. ಗೌ ಅಜ್ಜಿ ಊರುಗೋಲಿಗೆ ಸಿಕ್ಕ ಬೆಳ್ಳಿ ಎಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ಸೊಂಟ ನೋವಿನ ಸುದ್ದಿಯಲ್ಲಿ ಏನು ಸ್ವಾರಸ್ಯ ಎಂದುಕೊಂಡು, ಎರಡನೆಯದನ್ನು ಆರಿಸಿಕೊಂಡಿದ್ದಳು.

ಶೂಲಾನ್: ಐವತ್ತು ವರ್ಷ ನನಗೆ. ಸೋಯಾ ಮೊಸರು ತರೋಕೆ ಹೋದ್ರೆ ಕ್ಯೂನಲ್ಲಿ ನನ್ನನ್ನ ಮುಂದೆ ಬಿಟ್ರು. ಒಬ್ಬಳು ಹೊಟ್ಟೆ ಮುಟ್ಟಿ ನೋಡಿದಳು. ಗಂಡುಮಗು ಅಂತೆ.

ಡಾಕ್ಟರ್: ನೀವು ಅಲ್ಲ ಅನ್ನಬಹುದಿತ್ತು.

ಶೂಲಾನ್: ಅಲ್ಲ ಅಂದ್ರೆ ಚರಟ ಯಾರದು ಅಂತ ಕೇಳ್ತಾರೆ. ನಮ್ಮನೆಯವರದು ಅಂದ್ರೆ ಏನು ಕಾಯಿಲೆ ಅಂತ ಕೇಳ್ತಾರೆ. ಮುಂದಕ್ಕೆ ಹೋದ್ರೆ ಹೆರಿಗೆ, ಹಿಂದಕ್ಕೆ ಬಂದ್ರೆ ಯಕೃತ್ತು. ನಾಳೆ ಒಂಬತ್ತು ಗಂಟೆಗೆ ಸಮಿತಿಯವರು ಬರ್ತಾರೆ.

ಡಾಕ್ಟರ್: ತಾನ್‌ಪಿಂಗ್ ಆದ್ರೂ ಹೇಳಬಹುದಿತ್ತಲ್ಲ.

ತಾನ್‌ಪಿಂಗ್: ನನ್ನನ್ನ ಯಾರೂ ಏನೂ ಕೇಳ್ಲಿಲ್ಲ. ಟೀ ಅಂಗಡಿಗೆ ಹೋದೆ, ಬೆನ್ನು ತಟ್ಟಿದ್ರು. ಬೆನ್ನು ತಟ್ಟಿದ್ದಕ್ಕೆ ಏನಂತ ಉತ್ತರ ಕೊಡ್ಲಿ?

ಶೂಲಾನ್: ಅಲ್ಲ ಅನ್ಬೇಕಿತ್ತು ಬಂಗಾರ.

ತಾನ್‌ಪಿಂಗ್: ನದಿ ಪಕ್ಕದ ಬಿದಿರು ಕುರ್ಚಿ ಬಿಟ್ಟುಕೊಟ್ರು. ಹನ್ನೆರಡು ವರ್ಷದಿಂದ ಆ ಕುರ್ಚಿ ಮೇಲೆ ನನಗೆ ಕಣ್ಣಿತ್ತು.

ಅವನು ಅವತ್ತು ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ಕೂತಿದ್ದ. ಪಕ್ಕೆ ಹೇಗಿದೆ ಎಂದು ಡಾಕ್ಟರು ಕೇಳಿದರೆ ನಿನ್ನೆ ಸಂಜೆಯಿಂದ ಹಗುರ ಎಂದ. ಕಷಾಯದಿಂದಲೋ ಕುರ್ಚಿಯಿಂದಲೋ ಎಂದು ಕೇಳಿದ್ದಕ್ಕೆ ಮೀಸೆಯಲ್ಲೇ ನಕ್ಕ. ಶೂಲಾನ್ ಅವನ ಕಡೆ ನೋಡಲಿಲ್ಲ. ಡಾಕ್ಟರು ದಿಂಬನ್ನು ಅವಳ ಕಡೆ ತಳ್ಳಿದರು. ಬಸುರಿಯ ನಾಡಿ ತಟ್ಟೆಯಲ್ಲಿ ಮುತ್ತು ಉರುಳಿದ ಹಾಗೆ ಇರುತ್ತದೆ, ಇಲ್ಲದಿದ್ದರೆ ಇಲ್ಲ ಎಂದೇ ಬರೆದು ಮೊಹರು ಹಾಕಿ ಕೊಡುತ್ತೇನೆ ಎಂದರು.

ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಬಲಗೈ ಆಯಿತು, ಎಡಗೈ ಆಯಿತು, ಮತ್ತೆ ಬಲಗೈ.

ಶೂಲಾನ್: ಏನು, ಉರುಳ್ತಿದೆಯಾ?

ಡಾಕ್ಟರ್: ಇಲ್ಲ. ಮುತ್ತಿಲ್ಲ.

ಶೂಲಾನ್: ಉಳ್ಕೊಂಡೆ. ಬರೀರಿ.

ಡಾಕ್ಟರ್: ತಂತಿ ಇದೆ. ಗಂಡನದ್ದೇ ತಂತಿ, ಇವರದ್ದಕ್ಕಿಂತ ಬಿಗಿ. ತಲೆನೋವು ಎಷ್ಟು ವರ್ಷದಿಂದ?

ಶೂಲಾನ್ ಮೆಲ್ಲಗೆ ಕೈ ಎಳೆದುಕೊಂಡಳು. ತಲೆನೋವಿನ ಮಾತು ಅವಳು ಎತ್ತಿರಲಿಲ್ಲ.

ಶೂಲಾನ್: ಹನ್ನೊಂದು. ಅದಕ್ಕೂ ಇದಕ್ಕೂ ಏನು ಸಂಬಂಧ? ಇವರಿಗೆ ಪಕ್ಕೆ, ನನಗೆ ತಲೆ.

ಡಾಕ್ಟರ್: ಮಂಗಳವಾರ ಹೇಳಿದ್ನಲ್ಲ. ನೋವು ಎರಡು, ಬಗೆ ಒಂದೇ. ನಿಮ್ಮದೂ ಯಕೃತ್ತಿನ ಉಸಿರು ಕಟ್ಟಿರೋದೆ.

ಶೂಲಾನ್: ನನಗಾ? ಓಣಿಯಲ್ಲಿ ನನ್ನಷ್ಟು ಮಾತಾಡೋರು ಯಾರಿದ್ದಾರೆ? ನಾನೇನು ನುಂಗಿದೀನಿ?

ಡಾಕ್ಟರ್: ನೀವು ಆಡೋದು ಬೇರೆಯವರ ಜಗಳ. ನಿಮ್ಮದನ್ನ ಯಾವಾಗ ಆಡಿದ್ರಿ?

ನಾನು ಒಂದೇ ಡ್ರಾಯರನ್ನು ಮೂರು ಸಲ ತೆಗೆದು ಮುಚ್ಚಿದೆ. ಕೇಳದ ಹಾಗೆ ಇರಬೇಕಲ್ಲ.

ಶೂಲಾನ್: ಜಾಡಿ.

ಡಾಕ್ಟರ್: ಏನು?

ಶೂಲಾನ್: ನಮ್ಮಮ್ಮ ಕೊಟ್ಟ ಉಪ್ಪಿನಕಾಯಿ ಜಾಡಿ. ಮೂವತ್ತು ವರ್ಷದ ಉಪ್ಪುನೀರು ಅದು. ಅಮ್ಮ ಹೋದ ಮೇಲೂ ಅದರೊಳಗಿನ ಮೂಲಂಗಿ ತಿಂದ್ರೆ ಅಮ್ಮ ಒಳಮನೆಯಲ್ಲಿ ಇದಾಳೆ ಅನ್ಸೋದು. ಈ ಮುದುಕ ಎಣ್ಣೆ ಹತ್ತಿದ ಚಾಪ್‌ಸ್ಟಿಕ್ ಅದ್ದಿದ. ಬೆಳಗಾಗೋದ್ರೊಳಗೆ ಬಿಳಿ ಬೂಸಲು. ಪೂರ್ತಿ ಚೆಲ್ಲಬೇಕಾಯ್ತು.

ತಾನ್‌ಪಿಂಗ್: ನೀನು ಪರವಾಗಿಲ್ಲ ಅಂದೆ.

ಶೂಲಾನ್: ಫಲಕ ಹಾಕಿ ನಾಲ್ಕೇ ದಿನ ಆಗಿತ್ತು. ಪರವಾಗಿಲ್ಲ ಅನ್ನದೆ ಇನ್ನೇನನ್ಲಿ?

ತಾನ್‌ಪಿಂಗ್: ನಕ್ಕೊಂಡು ಅಂದೆ. ಹನ್ನೊಂದು ವರ್ಷ ಆ ಜಾಡಿ ಮುಂದೆ ಹೋಗೋಕೆ ನನಗೆ ಮುಖ ಇಲ್ಲ. ನೀನು ಅವತ್ತು ಎರಡು ಬೈದಿದ್ರೆ ಮುಗಿದುಹೋಗ್ತಿತ್ತು.

ಶೂಲಾನ್: ಈಗ ಬೈತೀನಿ, ಕೇಳಿಸ್ಕೋ. ಎಣ್ಣೆ ಚಾಪ್‌ಸ್ಟಿಕ್ ಅದ್ದೋನು ಮನುಷ್ಯನಾ? ಇಂಜಿನ್ನಿಗೆ ಎಣ್ಣೆ ಬಿಟ್ಟ ಹಾಗೆ ಅಂದ್ಕೊಂಡ್ಯಾ?

ತಾನ್‌ಪಿಂಗ್: ಬೆಂಚು.

ಶೂಲಾನ್: ಯಾವ ಬೆಂಚು?

ತಾನ್‌ಪಿಂಗ್: ಎಲ್ಲಿ ಗಂಡ ಹೆಂಡ್ತಿ ಜಗಳ ಆದ್ರೂ ಆ ಗಂಡನ್ನ ತಣ್ಣಗಾಗ್ಲಿ ಅಂತ ನಮ್ಮನೆಗೆ ಕಳಿಸ್ತೀಯ. ಅವನು ನನ್ನ ಹಾಸಿಗೇಲಿ ಮಲಗ್ತಾನೆ. ನಾನು ಬೆಂಚಿನ ಮೇಲೆ. ಹನ್ನೊಂದು ವರ್ಷದಲ್ಲಿ ಓಣಿಯ ಗಂಡಸರೆಲ್ಲ ನನ್ನ ಹಾಸಿಗೇಲಿ ಗೊರಕೆ ಹೊಡೆದಿದ್ದಾರೆ. ಬಡಗಿ ಹುವಾನ್ ಬೇಕೂಂತ ತಟ್ಟೆ ಒಡೆದು ಬರ್ತಾನೆ. ಅವನ ಮನೆ ಹಾಸಿಗೆ ಗಟ್ಟಿಯಂತೆ.

ಡಾಕ್ಟರ್: ಬೆಂಚು ಯಾವ ಪಕ್ಕೆಗೆ ಒತ್ತತ್ತೆ?

ತಾನ್‌ಪಿಂಗ್: ಬಲಕ್ಕೆ.

ಡಾಕ್ಟರು ಚೀಟಿ ಎಳೆದುಕೊಂಡು, ಬೆಂಚು ಎಂದು ಹೇಳಿಕೊಳ್ಳುತ್ತ ಸೇರಿಸಿಕೊಂಡರು. ಗಂಡ ಹೆಂಡತಿಗೆ ಡಾಕ್ಟರು ಅಲ್ಲಿದ್ದಾರೆ ಎನ್ನುವುದೇ ಮರೆತುಹೋಗಿತ್ತು. ಒದ್ದೆ ಚಪ್ಪಲಿ, ಹರಕು ಸೊಳ್ಳೆಪರದೆ, ಅವನ ಅಕ್ಕನ ಮಗಳ ಮದುವೆಯಲ್ಲಿ ಇವಳು ಉಟ್ಟ ಬಟ್ಟೆಗೆ ಅವನು ಏನೂ ಅನ್ನದೇ ಇದ್ದದ್ದು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಹನ್ನೊಂದು ವರ್ಷದ ಸರಕು, ಬೇಗ ಖಾಲಿಯಾಗುವಂಥದ್ದಲ್ಲ. ಮಧ್ಯೆ ಒಬ್ಬ ಕೆಮ್ಮಿನವನು ಬಾಗಿಲವರೆಗೆ ಬಂದು, ಒಳಗೆ ನೋಡಿ, ಕೆಮ್ಮದೆ ಹೋದ.

ತಾನ್‌ಪಿಂಗ್: ಮುಂಚೆ ನೀನು ಓಣಿ ಬಾಯಲ್ಲಿ ನಿಂತು ನನ್ನ ಹೆಸರು ಕೂಗಿದ್ರೆ ನದಿ ಮಧ್ಯೆ ದೋಣಿಗೆ ಕೇಳ್ತಿತ್ತು. ಇಂಜಿನ್ ಸದ್ದು ಮೀರಿ ಕೇಳ್ತಿತ್ತು. ಊಟಕ್ಕೆ ಕರೀತಿದ್ಯೋ ಬೈತಿದ್ಯೋ ಗೊತ್ತಾಗ್ತಿರ್ಲಿಲ್ಲ, ಆದ್ರೆ ನನ್ನನ್ನೇ ಅಂತ ಗೊತ್ತಾಗ್ತಿತ್ತು. ಈಗ ಬಂಗಾರ ಅಂತೀಯ. ನೀನು ಬಂಗಾರ ಅಂದಾಗೆಲ್ಲ ಮನೆಗೆ ಬೇರೆ ಯಾರೋ ಬಂದಿದಾರೆ ಅಂತ ಹಿಂದೆ ತಿರುಗಿ ನೋಡ್ತೀನಿ.

ಇಪ್ಪತ್ತೊಂಬತ್ತು ಮನೆಯ ಜಗಳ ಬಿಡಿಸಿದ ಶೂಲಾನ್ ಬುಟ್ಟಿಯಲ್ಲಿದ್ದ ಮೊಟ್ಟೆ ಎಣಿಸತೊಡಗಿದಳು. ನನ್ನ ಗಂಡ ಹೋಗಿ ಹದಿನಾಲ್ಕು ವರ್ಷ. ನನ್ನ ಹೆಸರನ್ನು ಕೂಗಿ ಬೈಯಲು ಯಾರಾದರೂ ಇದ್ದಿದ್ದರೆ ಎಂದು ಅನಿಸಿತು.

ಕೊನೆಗೆ ಶೂಲಾನ್ ಕೇಳಿದ್ದು ಒಂದೇ: ಇಬ್ಬರಿಗೂ ಒಂದೇ ಮಡಕೆಯಲ್ಲಿ ಕುದಿಸಬಹುದಾ ಎಂದು. ಅವಳ ತಲೆಗೆ ಒಂದು ಬೇರು ಹೆಚ್ಚು, ಅವನ ಪಕ್ಕೆಗೆ ಒಂದು ಗಡ್ಡೆ ಹೆಚ್ಚು, ಉಳಿದದ್ದೆಲ್ಲ ಒಂದೇ ಎಂದರು ಡಾಕ್ಟರು. ನಾನು ದುಪ್ಪಟ್ಟು ತೂಗಿ ಕಟ್ಟಿಕೊಟ್ಟೆ. ಬಸುರಿ ಅಲ್ಲ ಎಂದು ಡಾಕ್ಟರು ಮೊಹರು ಹಾಕಿ ಕೊಟ್ಟ ಚೀಟಿಯನ್ನು ಅವಳು ಮೇಜಿನ ಮೇಲೇ ಬಿಟ್ಟುಹೋದಳು. ಮರೆತು ಬಿಟ್ಟದ್ದಲ್ಲ ಎಂದು ಗೊತ್ತಾದದ್ದು ಮರುದಿನ.

ಶುಕ್ರವಾರ ಎಂಟೂಮುಕ್ಕಾಲಿಗೆ, ಸಮಿತಿಯ ಮೂವರು ಓಣಿಯ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ, ಶೂಲಾನ್ ಮಡಕೆ ಹಿಡಿದು ಬಂದಳು. ನಾನು ಅಂಗಡಿ ಬಾಗಿಲಲ್ಲಿದ್ದೆ. ಒಂದು ಬೇರನ್ನೂ ಆರಿಸದೆ, ಇಬ್ಬರ ಚರಟವನ್ನೂ ಅವರ ಕಾಲ ಮುಂದೆಯೇ ಸುರಿದಳು. ಗೌ ಅಜ್ಜಿ ಊರುಗೋಲು ಚಾಚಿದಳು.

ಶೂಲಾನ್: ಕೆದಕೋದು ಬೇಡ ಅಜ್ಜಿ, ನಾನೇ ಹೇಳ್ತೀನಿ. ನಾನು ಬಸುರಿ ಅಲ್ಲ. ಇವರಿಗೆ ನನ್ನ ಮೇಲೆ ಸಿಟ್ಟು, ನನಗೆ ಇವರ ಮೇಲೆ ಸಿಟ್ಟು. ಹನ್ನೊಂದು ವರ್ಷದ್ದು. ಆ ಫಲಕ ಬಿಚ್ಚಿಸ್ಕೊಂಡು ಹೋಗಿ, ನಾವಿನ್ನು ಮೇಲೆ ಜಗಳ ಆಡೋರಿದೀವಿ.

ಆಮೇಲೆ ನದಿಯ ಕಡೆ ತಿರುಗಿ ಗಂಡನ ಹೆಸರು ಹಿಡಿದು ಕೂಗಿದಳು. ಟೀ ಅಂಗಡಿಯ ಬಿದಿರು ಕುರ್ಚಿಯಿಂದ ಅವನು ಓಗೊಟ್ಟದ್ದು ಇಲ್ಲಿಗೆ ಕೇಳಿಸಿತು.

ಸಮಿತಿಯವರು ಫಲಕ ಬಿಚ್ಚಿಕೊಂಡರು. ವಾಪಸ್ಸು ಒಯ್ಯುವ ಹಾಗಿರಲಿಲ್ಲ. ಓಣಿಗೊಂದು ಎಂದು ಮೇಲಿನಿಂದ ಕೊಟ್ಟದ್ದು, ಯಾರ ಬಾಗಿಲಿಗಾದರೂ ಹಾಕಲೇಬೇಕು. ಮನೆ ಮನೆಗೂ ಹೋದರು. ಬಡಗಿ ಹುವಾನನ ಹೆಂಡತಿ ಪಕ್ಕೆ ಹಿಡಿದುಕೊಂಡು, ನಮಗೆ ಬೇಡಪ್ಪಾ, ಈಗಲೇ ಸಾಕಾಗಿದೆ ಎಂದಳು. ಎರಡನೆಯ ಮನೆಯವರು ಬಾಗಿಲೇ ತೆರೆಯಲಿಲ್ಲ. ಮೂರನೆಯ ಮನೆಯಲ್ಲಿ ಫಲಕ ನೋಡಿದ್ದೇ ತಡ ಗಂಡ ಹೆಂಡತಿ ಅವಸರದಿಂದ ಜಗಳ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಬೆವರು ಒರೆಸಿಕೊಳ್ಳುತ್ತ ನಮ್ಮ ಅಂಗಡಿಗೆ ಬಂದು ಕೂತರು. ಡಾಕ್ಟರ್ ಮೋ ಮದುವೆಯಾದವರಲ್ಲ, ನಾನು ವಿಧವೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ಇಪ್ಪತ್ತೆರಡು ವರ್ಷ ಒಂದು ಏರುದನಿ ಇಲ್ಲದೆ ನಡೆಸಿದ್ದೀರಿ, ಇದಕ್ಕಿಂತ ಸಂಸಾರ ಇನ್ನೇನು ಎಂದು ಹೇಳಿ ನೂರೆಂಟು ಡ್ರಾಯರಿನ ಬೀರುವಿನ ಮೇಲೆ ಮೊಳೆ ಹೊಡೆದು ಹೋದರು.

ಅವತ್ತಿನಿಂದ ನಮಗೆ ಅಂಗಡಿಯಲ್ಲಿ ಹೇಗಿರಬೇಕೋ ಗೊತ್ತಾಗದೆ ಹೋಯಿತು. ಡಾಕ್ಟರು ನನಗೆ ದಯವಿಟ್ಟು ಎನ್ನತೊಡಗಿದರು. ನಾನು ಚೀಟಿ ತೆಗೆದುಕೊಂಡು ಬಹಳ ಸಂತೋಷ ಎನ್ನತೊಡಗಿದೆ. ಮೂರನೆಯ ವಾರ ಒಂದು ಮಧ್ಯಾಹ್ನ ರೋಗಿಗಳು ಯಾರೂ ಇರಲಿಲ್ಲ. ಡಾಕ್ಟರು ನಿಟ್ಟುಸಿರು ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಿಟ್ಟರು.

ಡಾಕ್ಟರ್: ಪಾಂಗಕ್ಕ, ದಯವಿಟ್ಟು, ಇಲ್ಲಿ ಪಕ್ಕೆಯಲ್ಲಿ ಏನೋ ಹಿಡಿದ ಹಾಗಾಗ್ತಿದೆ.

ನಾನು ಗಲ್ಲಾಪೆಟ್ಟಿಗೆ ಬಿಟ್ಟು ಬಂದು, ಅವರ ಕೈಯನ್ನು ದಿಂಬಿನ ಮೇಲಿಟ್ಟು, ಮೂರು ಬೆರಳಿಟ್ಟೆ. ಇಷ್ಟು ವರ್ಷ ನೋಡಿದವಳಿಗೆ ಅಷ್ಟಾದರೂ ತಿಳಿಯದೆ ಇರುತ್ತದೆಯೇ. ತಂತಿ ಬಿಗಿದಿತ್ತು.

ನಾನು: ಏನು ನುಂಗ್ತಾ ಇದೀರಿ ಡಾಕ್ಟ್ರೇ?

ಡಾಕ್ಟರ್ (ನನ್ನ ಮುಖ ನೋಡಿ): ಏನಿಲ್ಲ.

ನಾನು ಸ್ಟೂಲು ಎಳೆದು, ಹತ್ತಿ, ಬೀರುವಿನ ಮೇಲಿನ ಫಲಕ ಬಿಚ್ಚಿದೆ. ಮಕಾಡೆ ಮಾಡಿ ಮೇಜಿನ ಮೇಲಿಟ್ಟು ಎದುರಿಗೆ ಕೂತೆ.

ನಾನು: ಈಗ ಹೇಳಿ.

ಡಾಕ್ಟರ್: ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ನಾನು ರೋಗಿ ಹತ್ರ ಗುಟ್ಟಾಗಿ ಏನು ಮಾತಾಡಿದ್ರೂ ನೀವು ಅಲ್ಲಿಂದ ಕತ್ತು ಚಾಚಿ ಒಂದಕ್ಷರ ಬಿಡದೆ ಕೇಳಿಸ್ಕೊಳ್ತೀರಿ. ಅದು ತಪ್ಪು ಪಾಂಗಕ್ಕ.

ನಾನು: ಕೇಳಿಸ್ಕೊಳ್ದೆ ಏನು ಮಾಡ್ಲಿ ಡಾಕ್ಟ್ರೇ? ಕಾಗೆ ಕಾಲು ಗುಬ್ಬಿ ಕಾಲು ನಿಮ್ಮ ಅಕ್ಷರ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಒಂದು ಚೀಟಿನೂ ನನಗೆ ಓದೋಕಾಗಿಲ್ಲ.